ದೂರದ ವಿಮಾನಕ್ಕೆ ಯಾವ ಇಂಧನ? ಇಂಗಾಲ ಎಲ್ಲಿಂದ ಬಂತು ಅಂತ ಮೊದಲು ಕೇಳಿ

ಪ್ರಶ್ನೆ: ನಮ್ಮ ಮಗಳು ದೂರದ ದೇಶದಲ್ಲಿದ್ದಾಳೆ. ವರ್ಷಕ್ಕೊಮ್ಮೆ ಅವಳನ್ನು ನೋಡಲು ಸುಮಾರು 10,000 ಕಿಲೋಮೀಟರ್ ಹಾರುತ್ತೇವೆ. ಪ್ರತಿ ಸಲವೂ ಹೊಗೆಯ ಲೆಕ್ಕ ಮನಸ್ಸಿಗೆ ಚುಚ್ಚುತ್ತದೆ. ಕಾರು, ಬಸ್ಸು ಬ್ಯಾಟರಿಗೆ ಬಂದವು, ವಿಮಾನ ಯಾಕೆ ಬರಲಿಲ್ಲ? ಒಬ್ಬರು ಹೈಡ್ರೋಜನ್ ಅಂತಾರೆ, ಇನ್ನೊಬ್ಬರು ಕರಿದ ಎಣ್ಣೆ ಅಂತಾರೆ. ದೂರದ ಹಾರಾಟಕ್ಕೆ ನಿಜವಾಗಿ ಆಗುವಂಥದ್ದು ಯಾವುದು? ಟಿಕೆಟ್ ಕೊಳ್ಳುವಾಗ ‘ಹಸಿರು ಇಂಧನಕ್ಕೆ ಸ್ವಲ್ಪ ಹೆಚ್ಚು ಕೊಡಿ’ ಅಂತ ಕೇಳುತ್ತಾರಲ್ಲ, ಕೊಡಬೇಕಾ?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಇನ್ನು 25 ವರ್ಷ ಕಳೆದರೂ ನೀವು ಮಗಳನ್ನು ನೋಡಲು ಹೋಗುವ ವಿಮಾನದ ಟ್ಯಾಂಕಿನಲ್ಲಿ ಇರುವುದು ಸೀಮೆಎಣ್ಣೆಯೇ ಅಂತ ನನ್ನ ಅಂದಾಜು. ವಿಮಾನದ ಇಂಧನ ಅಂದರೆ ಚೆನ್ನಾಗಿ ಶುದ್ಧ ಮಾಡಿದ ಸೀಮೆಎಣ್ಣೆ, ಬೇರೇನಲ್ಲ. ಬದಲಾಗಬೇಕಾದ್ದು, ಬದಲಾಗಬಹುದಾದ್ದು, ಆ ಸೀಮೆಎಣ್ಣೆಯನ್ನು ಯಾವುದರಿಂದ ಮಾಡುತ್ತೇವೆ ಅನ್ನೋದು. ನನ್ನ ಉತ್ತರವೆಲ್ಲ ಈ ಒಂದು ಮಾತಿನ ಸುತ್ತಲೇ ಇದೆ.

ನಿಮ್ಮ ಪಾಲಿನ ಲೆಕ್ಕ ಮೊದಲು ನೋಡೋಣ. ಹೊಸ ತಲೆಮಾರಿನ ದೊಡ್ಡ ವಿಮಾನ ಒಬ್ಬ ಪ್ರಯಾಣಿಕನಿಗೆ 100 ಕಿಲೋಮೀಟರಿಗೆ ಸರಿಸುಮಾರು 3 ಲೀಟರ್ ಇಂಧನ ಸುಡುತ್ತದೆ. 10,000 ಕಿಲೋಮೀಟರಿಗೆ 300 ಲೀಟರ್, ತೂಕದಲ್ಲಿ 240 ಕಿಲೋ. ಒಂದು ಕಿಲೋ ಸುಟ್ಟರೆ 3.16 ಕಿಲೋ ಇಂಗಾಲದ ಡೈಆಕ್ಸೈಡ್ ಬರುತ್ತದೆ. ಸುಟ್ಟದ್ದಕ್ಕಿಂತ ಜಾಸ್ತಿ ಹೇಗೆ ಅಂತ ಅನಿಸಬಹುದು. ಇಂಧನದ ಇಂಗಾಲ ಗಾಳಿಯ ಆಮ್ಲಜನಕವನ್ನು ಸೇರಿಸಿಕೊಳ್ಳುತ್ತದೆ, ಅದಕ್ಕೇ ತೂಕ ಏರುತ್ತದೆ. ಹೋಗುವಾಗ 760 ಕಿಲೋ, ಬರುವಾಗ ಅಷ್ಟೇ. ಒಬ್ಬರಿಗೆ ಒಂದೂವರೆ ಟನ್. ನಿಮಗೆ ಚುಚ್ಚುವುದರಲ್ಲಿ ಅರ್ಥವಿದೆ.

ಇದು ನಿಮ್ಮೊಬ್ಬರ ಮಾತಲ್ಲ. ಯುರೋಪಿನಿಂದ ಹೊರಡುವ ವಿಮಾನಗಳಲ್ಲಿ 4,000 ಕಿಲೋಮೀಟರ್ ಮೀರಿ ಹೋಗುವವು ಬರೀ ಶೇ 6ರಷ್ಟು. ಹೊಗೆಯಲ್ಲಿ ಅವುಗಳ ಪಾಲು ಹತ್ತಿರ ಹತ್ತಿರ ಅರ್ಧ. ಹಾಗಾಗಿ ದೂರದ ಹಾರಾಟವನ್ನು ಬಿಟ್ಟು ಉಳಿದದ್ದನ್ನೆಲ್ಲ ಸರಿಮಾಡಿದರೂ ಅರ್ಧ ಕೆಲಸ ಹಾಗೇ ಉಳಿಯುತ್ತದೆ.

ಈಗ ಬ್ಯಾಟರಿ. ಒಂದು ಕಿಲೋ ವಿಮಾನ ಇಂಧನದಲ್ಲಿ ಸುಮಾರು 12 ಯೂನಿಟ್ ಶಕ್ತಿ ಇದೆ. ಕರೆಂಟು ಬಿಲ್ಲಿನಲ್ಲಿ ಬರುತ್ತಲ್ಲ, ಅದೇ ಯೂನಿಟ್. ಇವತ್ತಿನ ಒಳ್ಳೆಯ ಬ್ಯಾಟರಿಯ ಒಂದು ಕಿಲೋದಲ್ಲಿ ಕಾಲು ಯೂನಿಟ್. ಮೋಟಾರು ಜೆಟ್ ಎಂಜಿನ್ನಿಗಿಂತ ಎರಡು ಪಟ್ಟು ಮಿತವ್ಯಯಿ, ಅದನ್ನೂ ಲೆಕ್ಕಕ್ಕೆ ಹಿಡಿಯೋಣ. ಆದರೂ ಒಂದು ಕಿಲೋ ಇಂಧನದ ಕೆಲಸಕ್ಕೆ 20 ಕಿಲೋಗೂ ಹೆಚ್ಚು ಬ್ಯಾಟರಿ ಬೇಕು. ಏರ್‌ಬಸ್ ಎ350-900 ವಿಮಾನವನ್ನೇ ತೆಗೆದುಕೊಳ್ಳಿ. ಅದು ಎಲ್ಲ ತುಂಬಿಕೊಂಡು ನೆಲ ಬಿಡುವಾಗಿನ ಗರಿಷ್ಠ ತೂಕ ಸುಮಾರು 280 ಟನ್. ಇಂಧನವೇ 100 ಟನ್ ದಾಟಬಹುದು. ಆ 100 ಟನ್ ಇಂಧನದ ಬದಲು ಬ್ಯಾಟರಿ ಇಟ್ಟರೆ 2,000 ಟನ್ ಮೀರುತ್ತದೆ. ವಿಮಾನ ಏಳುವುದೇ ಇಲ್ಲ.

ಇನ್ನೂ ಒಂದು ವಿಷಯ ಇದೆ, ಇದನ್ನು ಜನ ಸಾಮಾನ್ಯವಾಗಿ ಗಮನಿಸುವುದಿಲ್ಲ. ಇಂಧನ ಸುಟ್ಟ ಹಾಗೆ ವಿಮಾನ ಹಗುರಾಗುತ್ತಾ ಹೋಗುತ್ತದೆ. ಹತ್ತು ಗಂಟೆ ಹಾರಿದ ಮೇಲೆ ಹತ್ತಾರು ಟನ್ ಇಳಿದಿರುತ್ತದೆ. ಖಾಲಿಯಾದ ಬ್ಯಾಟರಿ ಮಾತ್ರ ತುಂಬಿದಾಗ ಎಷ್ಟು ಭಾರವೋ ಖಾಲಿಯಾದಾಗಲೂ ಅಷ್ಟೇ ಭಾರ. ಸಣ್ಣ ವಿಮಾನಕ್ಕೆ, ಕೆಲವು ನೂರು ಕಿಲೋಮೀಟರಿಗೆ, ಬ್ಯಾಟರಿ ಬರುತ್ತದೆ. ಸಾಗರ ದಾಟಲು ಬರುವುದಿಲ್ಲ.

ಹೈಡ್ರೋಜನ್ ವಿಷಯ ಸ್ವಲ್ಪ ಬೇರೆ. ತೂಕದ ಲೆಕ್ಕದಲ್ಲಿ ಅದಕ್ಕೆ ಸಾಟಿಯಿಲ್ಲ, ಒಂದು ಕಿಲೋದಲ್ಲಿ 33 ಯೂನಿಟ್. ತೊಂದರೆ ಇರುವುದು ಜಾಗದ್ದು. ಮೈನಸ್ 253 ಡಿಗ್ರಿಗೆ ತಣಿಸಿ ದ್ರವ ಮಾಡಿದರೂ ಒಂದು ಲೀಟರ್ ಬರೀ 71 ಗ್ರಾಂ ತೂಗುತ್ತದೆ. ಅಷ್ಟೇ ಶಕ್ತಿಗೆ ಸೀಮೆಎಣ್ಣೆಗಿಂತ ನಾಲ್ಕು ಪಟ್ಟು ಜಾಗ ಬೇಕು. ಈಗಿನ ವಿಮಾನಗಳು ಇಂಧನದ ಬಹುಪಾಲನ್ನು ರೆಕ್ಕೆಯ ಒಳಗೆ ತುಂಬಿಕೊಳ್ಳುತ್ತವೆ. ಅಷ್ಟು ತಣ್ಣನೆಯ ದ್ರವಕ್ಕೆ ದಪ್ಪ ಹೊದಿಕೆಯ ಉರುಟು ಟ್ಯಾಂಕು ಬೇಕು, ಅದು ರೆಕ್ಕೆಯಲ್ಲಿ ಹಿಡಿಸುವುದಿಲ್ಲ. ಪ್ರಯಾಣಿಕರು ಕೂರುವ ಜಾಗಕ್ಕೇ ಬರಬೇಕು. ಹಾರಾಟ ದೂರವಾದಷ್ಟೂ ಟ್ಯಾಂಕು ದೊಡ್ಡದು, ಸೀಟು ಕಡಿಮೆ.

ಆಗದ ಕೆಲಸ ಅಂತ ನಾನು ಹೇಳುತ್ತಿಲ್ಲ. ಸೋವಿಯತ್ ಒಕ್ಕೂಟದ ಟುಪೊಲೆವ್ ಟಿಯು-155 ವಿಮಾನ 1988ರ ಏಪ್ರಿಲ್‌ನಲ್ಲೇ ಒಂದು ಎಂಜಿನ್ನನ್ನು ದ್ರವ ಹೈಡ್ರೋಜನ್ನಿನಲ್ಲಿ ಓಡಿಸಿ ಹಾರಿತ್ತು. 2020ರಲ್ಲಿ ಏರ್‌ಬಸ್ ಕಂಪನಿ 2035ಕ್ಕೆ ಹೈಡ್ರೋಜನ್ ವಿಮಾನ ತರುತ್ತೇವೆ ಅಂದಿತ್ತು. 2025ರಲ್ಲಿ ಆ ಗಡುವನ್ನು ಮುಂದಕ್ಕೆ ಹಾಕಿತು. ಅದು ಹೇಳಿದ್ದೂ ಹತ್ತಿರದ, ಮಧ್ಯಮ ದೂರದ ವಿಮಾನಗಳ ಮಾತು. ದೊಡ್ಡ ವಿಮಾನ ಒಂದು ಸಲ ಕೊಂಡರೆ 20–25 ವರ್ಷ ಹಾರುತ್ತದೆ. ಇವತ್ತು ಕಾರ್ಖಾನೆಯಿಂದ ಹೊರಬರುವ ಸೀಮೆಎಣ್ಣೆ ವಿಮಾನ 2045ರಲ್ಲೂ ಹಾರುತ್ತಿರುತ್ತದೆ. ಹಾಗಾಗಿ ಹೈಡ್ರೋಜನ್ನನ್ನು ಟ್ಯಾಂಕಿಗೆ ತುಂಬುವ ಇಂಧನವಾಗಿ ಅಲ್ಲ, ಸೀಮೆಎಣ್ಣೆ ಮಾಡುವ ಕಚ್ಚಾ ವಸ್ತುವಾಗಿ ನೋಡುವುದು ಒಳ್ಳೆಯದು. ಮುಂದೆ ಅದಕ್ಕೆ ಬರುತ್ತೇನೆ.

ಈಗ ಕರಿದ ಎಣ್ಣೆ. ನಾನು ಇಂಧನ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡಿದವನು. ಹೊಸಬರು ಬಂದಾಗ ಅವರ ಮುಂದೆ ಎರಡು ಬಾಟಲಿ ಇಡುತ್ತಿದ್ದೆ. ಒಂದರಲ್ಲಿ ಮಾಮೂಲಿ ವಿಮಾನ ಇಂಧನ, ತುಸು ಒಣಹುಲ್ಲಿನ ಬಣ್ಣ, ಮುಚ್ಚಳ ತೆರೆದರೆ ಗಪ್ಪಂತ ಸೀಮೆಎಣ್ಣೆ ವಾಸನೆ. ಇನ್ನೊಂದು ಕರಿದ ಎಣ್ಣೆಯಿಂದ ಮಾಡಿದ್ದು. ನೀರಿನಷ್ಟೇ ತಿಳಿ, ಮೂಗಿನ ಹತ್ತಿರ ತಂದರೂ ವಾಸನೆ ಹೆಚ್ಚುಕಡಿಮೆ ಇಲ್ಲ. ಜಿಡ್ಡು, ಕಮಟು ಏನೂ ಇಲ್ಲ. ‘ಇದು ಬಾಣಲೆಯಿಂದ ಬಂದದ್ದು’ ಅಂದರೆ ಯಾರೂ ನಂಬುತ್ತಿರಲಿಲ್ಲ. ಎಣ್ಣೆಯ ಅಣುವಿನಲ್ಲಿರುವ ಆಮ್ಲಜನಕವನ್ನು ಹೈಡ್ರೋಜನ್ ಬಳಸಿ ಕಿತ್ತು ಹಾಕುತ್ತಾರೆ. ಉಳಿದ ಇಂಗಾಲದ ಉದ್ದ ಸರಪಳಿಗಳನ್ನು ಮುರಿದು, ಕವಲು ಮೂಡಿಸಿ, ಮೈನಸ್ 47 ಡಿಗ್ರಿ ಚಳಿಯಲ್ಲೂ ಹೆಪ್ಪುಗಟ್ಟದ ಹಾಗೆ ಮಾಡುತ್ತಾರೆ. ಕೊನೆಗೆ ಸಿಗುವುದು ಅಪ್ಪಟ ಸೀಮೆಎಣ್ಣೆ. ವಿಮಾನ ಬದಲಿಸಬೇಕಿಲ್ಲ, ಎಂಜಿನ್ ಬದಲಿಸಬೇಕಿಲ್ಲ, ವಿಮಾನ ನಿಲ್ದಾಣದ ಪೈಪು, ಟ್ಯಾಂಕು ಯಾವುದನ್ನೂ ಬದಲಿಸಬೇಕಿಲ್ಲ.

ಹಾಗಾದರೆ ಇದನ್ನೇ ಪೂರ್ತಿ ತುಂಬಬಾರದೇಕೆ? ಆ ವಾಸನೆ ಇಲ್ಲದಿರುವುದರಲ್ಲೇ ಉತ್ತರ ಇದೆ. ಮಾಮೂಲಿ ಇಂಧನದ ವಾಸನೆಗೆ ಒಂದು ದೊಡ್ಡ ಕಾರಣ ಅದರಲ್ಲಿರುವ ಆರೋಮ್ಯಾಟಿಕ್ ಅಣುಗಳು, ಅಂದರೆ ಇಂಗಾಲ ಉಂಗುರದ ಹಾಗೆ ಜೋಡಿಸಿಕೊಂಡಿರುವ ಅಣುಗಳು. ಅವು ಹಳೆಯ ಕಾಲದ ನೈಟ್ರೈಲ್ ರಬ್ಬರ್ ಬಳೆಗಳ ಒಳಗೆ ಇಳಿದು ಅವನ್ನು ಸ್ವಲ್ಪ ಉಬ್ಬಿಸುತ್ತವೆ. ಉಬ್ಬಿದ ಬಳೆ ಪೈಪಿನ ಕೀಲನ್ನು ಬಿಗಿಯಾಗಿ ಹಿಡಿಯುತ್ತದೆ. ಬಹಳ ದಿನ ಮಾಮೂಲಿ ಇಂಧನದಲ್ಲಿ ನೆನೆದ ಬಳೆಯನ್ನು ಆರೋಮ್ಯಾಟಿಕ್ ಇಲ್ಲದ ಇಂಧನಕ್ಕೆ ಹಾಕಿ ನೋಡಿದ್ದೇನೆ. ಕೆಲವು ದಿನಕ್ಕೆ ಕುಗ್ಗುತ್ತದೆ. ಬೆರಳಲ್ಲಿ ಹಿಡಿದರೆ ಹೇಳುವಷ್ಟು ವ್ಯತ್ಯಾಸ ಇರುವುದಿಲ್ಲ, ಅಳೆದರೆ ಗೊತ್ತಾಗುತ್ತದೆ. ಸಾಗರದ ಮೇಲೆ ಹಾರುವಾಗ ಇಂಧನ ಜಿನುಗಲು ಅಷ್ಟು ಸಾಕು. ಮುಖ್ಯವಾಗಿ ಇದಕ್ಕೇ ಸದ್ಯ ಗರಿಷ್ಠ ಶೇ 50ರಷ್ಟು ಮಾತ್ರ ಬೆರೆಸಬಹುದು ಅನ್ನುವ ನಿಯಮ ಇದೆ. ದಾಟಲಾಗದ ಗೋಡೆ ಇದಲ್ಲ. 2023ರ ನವೆಂಬರ್ 28ರಂದು ವರ್ಜಿನ್ ಅಟ್ಲಾಂಟಿಕ್‌ನ ಬೋಯಿಂಗ್ 787 ಲಂಡನ್ನಿನಿಂದ ನ್ಯೂಯಾರ್ಕಿಗೆ ನೆಲದಡಿಯ ಎಣ್ಣೆಯಿಂದ ಮಾಡಿದ ಇಂಧನ ಒಂದು ಹನಿಯೂ ಇಲ್ಲದೆ ಹಾರಿತು. ಇಂಧನದ ಶೇ 88 ಭಾಗ ತ್ಯಾಜ್ಯ ಕೊಬ್ಬಿನಿಂದ ಮಾಡಿದ್ದು. ಉಳಿದ ಶೇ 12 ಭಾಗ ಗಿಡದ ಸಕ್ಕರೆಯಿಂದ ಮಾಡಿದ, ಆರೋಮ್ಯಾಟಿಕ್ ಇರುವ ಇಂಧನ.

ಇಲ್ಲೊಂದು ತಪ್ಪು ತಿಳಿವಳಿಕೆ ಬಹಳ ಇದೆ. ಹಸಿರು ಇಂಧನ ಸುಟ್ಟರೆ ಹೊಗೆ ಬರುವುದಿಲ್ಲ ಅಂದುಕೊಳ್ಳುತ್ತಾರೆ. ಎಂಜಿನ್ನಿನ ಬಾಲದಿಂದ ಬರುವ ಇಂಗಾಲದ ಡೈಆಕ್ಸೈಡ್ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ಅದೂ ಸೀಮೆಎಣ್ಣೆ ತಾನೇ. ವ್ಯತ್ಯಾಸ ಇರುವುದು ಇಂಗಾಲದ ಮೂಲದಲ್ಲಿ. ಕೋಟ್ಯಂತರ ವರ್ಷ ನೆಲದಡಿ ಇದ್ದ ಇಂಗಾಲವನ್ನು ಎತ್ತಿ ಸುಟ್ಟರೆ ಗಾಳಿಗೆ ಹೊಸ ಹೊರೆ. ಗಿಡ ಮೊನ್ನೆ ಮೊನ್ನೆ ಗಾಳಿಯಿಂದ ಹೀರಿಕೊಂಡಿದ್ದನ್ನು ಸುಟ್ಟರೆ ಗಾಳಿಯದ್ದು ಗಾಳಿಗೇ ಹೋಯಿತು. ಅದಕ್ಕೇ ನಾನು ಪದೇ ಪದೇ ಕೇಳುವುದು, ಇಂಗಾಲ ಎಲ್ಲಿಂದ ಬಂತು ಅಂತ.

ಈ ಪ್ರಶ್ನೆ ಕೇಳಿದರೆ ‘ಜೈವಿಕ ಇಂಧನ’ ಅನ್ನುವ ಒಂದೇ ಹೆಸರಿನಡಿ ಎಷ್ಟೊಂದು ಬೇರೆ ಬೇರೆ ವಸ್ತುಗಳಿವೆ ಅಂತ ಗೊತ್ತಾಗುತ್ತದೆ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಕೊರ್ಸಿಯಾ ಅನ್ನುವ, ವಿಮಾನಗಳ ಇಂಗಾಲದ ಹೊರೆಗೆ ಲೆಕ್ಕ ಇಡುವ ಯೋಜನೆಯಲ್ಲಿ ಇದಕ್ಕೊಂದು ಲೆಕ್ಕ ಇದೆ. ಬಾವಿಯಿಂದ ಎಂಜಿನ್‌ವರೆಗೆ ಎಲ್ಲ ಸೇರಿಸಿ, ಒಂದು ಮೆಗಾಜೌಲ್ ಶಕ್ತಿಗೆ (ಒಂದು ಯೂನಿಟ್ ಅಂದರೆ 3.6 ಮೆಗಾಜೌಲ್) ಮಾಮೂಲಿ ಇಂಧನದ್ದು 89 ಗ್ರಾಂ ಇಂಗಾಲದ ಡೈಆಕ್ಸೈಡ್‌ಗೆ ಸಮನಾದ ಹೊರೆ. ಕರಿದ ಎಣ್ಣೆಯದ್ದು 13.9 ಗ್ರಾಂ, ಅಂದರೆ ಶೇ 84ರಷ್ಟು ಕಡಿಮೆ. ತಾಳೆ ಎಣ್ಣೆಯದ್ದು ನೋಡಿ. ಗಿರಣಿಯ ಕೊಳಚೆ ಹೊಂಡವನ್ನು ಮುಚ್ಚದೆ ಬಿಟ್ಟರೆ ಮೀಥೇನ್ ಏಳುತ್ತದೆ. ತಾಳೆ ತೋಟಕ್ಕಾಗಿ ಕಾಡು ಕಡಿದದ್ದನ್ನೂ ಸೇರಿಸಿದರೆ ಲೆಕ್ಕ 99 ಗ್ರಾಂ. ನೆಲದಡಿಯ ಎಣ್ಣೆಗಿಂತ ಕೆಟ್ಟದ್ದು! ಬಾಟಲಿಯಲ್ಲಿಟ್ಟರೆ ಎರಡೂ ಒಂದೇ ಥರ, ಎರಡೂ ನೀರಿನಷ್ಟೇ ತಿಳಿ.

ಕರಿದ ಎಣ್ಣೆ ಒಳ್ಳೆಯದು, ಆದರೆ ಅದು ಎಷ್ಟಿದೆ? ಜಗತ್ತಿನ ವಿಮಾನಗಳು ವರ್ಷಕ್ಕೆ ಸುಮಾರು 30 ಕೋಟಿ ಟನ್ ಇಂಧನ ಸುಡುತ್ತವೆ. ಇಡೀ ಜಗತ್ತು ವರ್ಷಕ್ಕೆ ತಯಾರಿಸುವ ಖಾದ್ಯ ಎಣ್ಣೆಗಳೆಲ್ಲ ಸೇರಿ 22 ಕೋಟಿ ಟನ್ ಆಸುಪಾಸು. ಕರಿದು ಉಳಿದದ್ದಲ್ಲ, ಹೊಸ ಎಣ್ಣೆ, ಎಲ್ಲರ ಅಡುಗೆಮನೆಯದ್ದೂ ಸೇರಿ. ಅಷ್ಟನ್ನೂ ವಿಮಾನಕ್ಕೆ ಸುರಿದರೂ ಸಾಲುವುದಿಲ್ಲ. ಉಳಿದ ಎಣ್ಣೆ, ಪ್ರಾಣಿಗಳ ಕೊಬ್ಬು ಎಲ್ಲ ಒಟ್ಟುಮಾಡಿದರೆ ಸಿಗುವುದು ಇದರಲ್ಲಿ ಒಂದು ಸಣ್ಣ ಪಾಲು. ಅದಕ್ಕೂ ಲಾರಿಗಳ ಡೀಸೆಲ್ ಮಾಡುವವರು ಪೈಪೋಟಿಗೆ ನಿಂತಿದ್ದಾರೆ. ಬೇಡಿಕೆ ಹೆಚ್ಚಿದ ಕಡೆ ಕರಿದ ಎಣ್ಣೆಗೆ ಹೊಸ ತಾಳೆ ಎಣ್ಣೆಗಿಂತ ಹೆಚ್ಚು ಬೆಲೆ ಬರಬಹುದು. ಆಗ ಹೊಸ ಎಣ್ಣೆಯನ್ನೇ ‘ಕರಿದದ್ದು’ ಅಂತ ಮಾರುವ ಆಸೆ ಯಾರಿಗಾದರೂ ಹುಟ್ಟುತ್ತದೆ. ಪ್ರತಿ ಡ್ರಮ್ಮಿನ ಜಾಡು ಹಿಡಿಯುವ ವ್ಯವಸ್ಥೆ ಗಟ್ಟಿ ಇರಬೇಕು ಅನ್ನುವುದು ಇದಕ್ಕೆ.

ಹೊಲದ ಹುಲ್ಲು, ಮರದ ಚೂರು, ಊರಿನ ಕಸವನ್ನು ಅನಿಲ ಮಾಡಿ ಇಂಧನ ಮಾಡುವುದು ಕೇಳಲು ಚೆಂದ. ಕಸ ಅನ್ನೋದು ದಿನಕ್ಕೊಂದು ಥರ ಇರುತ್ತದೆ, ಯಂತ್ರಕ್ಕೆ ಅದು ಒಗ್ಗುವುದು ಕಷ್ಟ. ಅಮೆರಿಕದ ನೆವಾಡಾದಲ್ಲಿ ಕಸದಿಂದ ಇಂಧನ ಮಾಡಲು ಹೊರಟಿದ್ದ ಫಲ್ಕ್ರಮ್ ಕಂಪನಿ 2024ರಲ್ಲಿ ದಿವಾಳಿ ಎದ್ದಿತು. ಎಥೆನಾಲ್‌ನಿಂದ ವಿಮಾನ ಇಂಧನ ಮಾಡುವ ದಾರಿ ಇದಕ್ಕಿಂತ ಸಲೀಸು, ಆದರೆ ಆ ಎಥೆನಾಲ್ ಯಾವ ಬೆಳೆಯದು, ಯಾವ ನೆಲದ್ದು ಅನ್ನುವ ಪ್ರಶ್ನೆ ಅಲ್ಲೂ ತಪ್ಪಿದ್ದಲ್ಲ.

ದೂರದ ಹಾರಾಟಕ್ಕೆ ಕೊನೆಗೆ ನಿಲ್ಲುವ ಇಂಧನ ಬೇರೊಂದು ಅಂತ ನಾನು ನಂಬುತ್ತೇನೆ. ಅದು ಕರೆಂಟಿನಿಂದ ಮಾಡಿದ ಸೀಮೆಎಣ್ಣೆ. ನೀರನ್ನು ಕರೆಂಟಿನಿಂದ ಒಡೆದು ಹೈಡ್ರೋಜನ್ ತೆಗೆಯುವುದು, ಗಾಳಿಯಿಂದಲೋ ಕಾರ್ಖಾನೆಯ ಚಿಮಣಿಯಿಂದಲೋ ಇಂಗಾಲದ ಡೈಆಕ್ಸೈಡ್ ಹಿಡಿಯುವುದು, ಎರಡನ್ನೂ ಕೂಡಿಸಿ ಸರಪಳಿ ಕಟ್ಟುವುದು. ಸರಪಳಿ ಕಟ್ಟುವ ವಿದ್ಯೆ ಹೊಸದಲ್ಲ. ಫ್ರಾಂಜ್ ಫಿಷರ್, ಹಾನ್ಸ್ ಟ್ರಾಪ್ಷ್ ಇಬ್ಬರೂ ಜರ್ಮನಿಯಲ್ಲಿ 1920ರ ದಶಕದಲ್ಲೇ ಕಂಡುಕೊಂಡರು. ಅವರು ಕಲ್ಲಿದ್ದಲಿನಿಂದ ಮಾಡಿದ್ದನ್ನು ನಾವು ಗಾಳಿ, ನೀರಿನಿಂದ ಮಾಡಬೇಕು, ಅಷ್ಟೇ. ದಕ್ಷಿಣ ಆಫ್ರಿಕಾದ ಸಾಸೋಲ್ ಕಂಪನಿಯ ಕಲ್ಲಿದ್ದಲ ಇಂಧನ ಬೆರೆಸಿಕೊಂಡು ವಿಮಾನಗಳು ದಶಕಗಳಿಂದ ಹಾರುತ್ತಿವೆ. ಹಾಗಾಗಿ ಎಂಜಿನ್ನಿಗೆ ಇಂಥ ಇಂಧನ ಒಗ್ಗುತ್ತದೋ ಇಲ್ಲವೋ ಅನ್ನುವ ಅನುಮಾನ ನನಗಿಲ್ಲ. 2021ರ ಜನವರಿಯಲ್ಲಿ ಕೆಎಲ್‌ಎಂ ವಿಮಾನವೊಂದು ಇಂಥ 500 ಲೀಟರ್ ಬೆರೆಸಿಕೊಂಡು ಆಮ್‌ಸ್ಟರ್‌ಡ್ಯಾಮಿನಿಂದ ಮ್ಯಾಡ್ರಿಡ್‌ಗೆ ಹೋಯಿತು.

ಅನುಮಾನ ಇರುವುದು ಕರೆಂಟಿನ ಮೇಲೆ. ಹಾಕಿದ ಶಕ್ತಿಯಲ್ಲಿ ಅರ್ಧಕ್ಕಿಂತ ಹೆಚ್ಚು ದಾರಿಯಲ್ಲೇ ಶಾಖವಾಗಿ ಹೋಗುತ್ತದೆ. ಒಂದು ಲೀಟರ್ ಮಾಡಲು 20 ಯೂನಿಟ್‌ಗೂ ಹೆಚ್ಚು ಬೇಕು. ನಿಮ್ಮ ಒಂದು ಕಡೆಯ 300 ಲೀಟರಿಗೆ 6,000 ಯೂನಿಟ್ ದಾಟುತ್ತದೆ. ಮನೆಯ ಕರೆಂಟು ಬಿಲ್ಲು ಹತ್ತಿರ ಇದ್ದರೆ ಒಮ್ಮೆ ತೆಗೆದು ನೋಡಿ, ಇದು ಎಷ್ಟು ತಿಂಗಳ ಬಳಕೆ ಅಂತ. ಜಗತ್ತಿನ ಒಟ್ಟು ಕರೆಂಟನ್ನು ಎಲ್ಲರಿಗೂ ಸಮ ಹಂಚಿದರೆ ತಲೆಗೆ ವರ್ಷಕ್ಕೆ 3,700 ಯೂನಿಟ್ ಆಸುಪಾಸು ಬರುತ್ತದೆ. ಎಲ್ಲ ವಿಮಾನಗಳಿಗೂ ಹೀಗೇ ಇಂಧನ ಮಾಡುವುದಾದರೆ, 2023ರಲ್ಲಿ ಗಾಳಿಯಂತ್ರ ಮತ್ತು ಸೌರಫಲಕಗಳು ಇಡೀ ಜಗತ್ತಿನಲ್ಲಿ ಕೊಟ್ಟ ಕರೆಂಟಿನ ಎರಡರಷ್ಟು ಬೇಕು.

ಆ ಕರೆಂಟು ಶುದ್ಧವಾಗಿಯೂ ಇರಬೇಕು. ಕಲ್ಲಿದ್ದಲ ಕರೆಂಟು ಒಂದು ಯೂನಿಟ್‌ಗೆ ಹತ್ತಿರ ಹತ್ತಿರ ಒಂದು ಕಿಲೋ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಅದರಿಂದ ಇಂಧನ ಮಾಡಿದರೆ ಲೀಟರಿಗೆ ಸುಮಾರು 20 ಕಿಲೋ ಆಯಿತು. ಮಾಮೂಲಿ ಇಂಧನ ಸುಟ್ಟರೆ ಎರಡೂವರೆ ಕಿಲೋ. ಹೊಸ ಗಾಳಿಯಂತ್ರ, ಹೊಸ ಸೌರಫಲಕ ಹಾಕಿ ಆಮೇಲೆ ಇಂಧನ ಮಾಡಬೇಕೇ ಹೊರತು, ಇರುವ ಕರೆಂಟನ್ನು ಈ ಕಡೆ ತಿರುಗಿಸಿದರೆ ನಷ್ಟವೇ.

ಅಷ್ಟೊಂದು ಕರೆಂಟು ಬೇಕಾದರೂ ಇದನ್ನೇ ಯಾಕೆ ಹಿಡಿದುಕೊಂಡಿದ್ದೇನೆ ಅಂದರೆ, ಇದಕ್ಕೆ ಹೊಲ ಬೇಡ. ಬೆಳೆ ತನ್ನ ಮೇಲೆ ಬಿದ್ದ ಬಿಸಿಲಿನಲ್ಲಿ ಸಾಮಾನ್ಯವಾಗಿ ಶೇ 1ರಷ್ಟನ್ನೂ ಹಿಡಿದಿಡುವುದಿಲ್ಲ. ಸೌರಫಲಕ ಶೇ 20ರಷ್ಟು ಹಿಡಿಯುತ್ತದೆ. ಅರ್ಧಕ್ಕಿಂತ ಜಾಸ್ತಿ ಪೋಲಾದರೂ ಒಂದು ಎಕರೆಯಿಂದ ಸಿಗುವ ಇಂಧನ ಬೆಳೆಗಿಂತ ಹಲವು ಪಟ್ಟು. ಅದೂ ಏನೂ ಬೆಳೆಯದ ಮರುಭೂಮಿಯಲ್ಲಿ ಆಗುತ್ತದೆ. ಉಣ್ಣುವವರ ತಟ್ಟೆಗೆ ಕೈ ಹಾಕದೆ ಹಾರುವ ದಾರಿ ನನಗೆ ಕಾಣುವುದು ಇದೊಂದೇ.

ಆಕಾಶದಲ್ಲಿ ವಿಮಾನದ ಹಿಂದೆ ಬಿಳಿ ಗೆರೆ ನೋಡಿರುತ್ತೀರಿ. ಎಂಜಿನ್ನಿನ ಮಸಿಯ ಕಣಗಳ ಸುತ್ತ ಮಂಜಿನ ಹರಳು ಕಟ್ಟಿ ಆಗುವ ಗೆರೆ ಅದು. ಕೆಲವು ಗೆರೆಗಳು ಗಂಟೆಗಟ್ಟಲೆ ಹರಡಿ ನೆಲದ ಶಾಖವನ್ನು ಹಿಡಿದಿಡುತ್ತವೆ. ಕರಿದ ಎಣ್ಣೆಯದ್ದಾಗಲಿ ಕರೆಂಟಿನದ್ದಾಗಲಿ, ಹೊಸ ಇಂಧನದಲ್ಲಿ ಸಾಮಾನ್ಯವಾಗಿ ಆರೋಮ್ಯಾಟಿಕ್ ಇಲ್ಲದ್ದರಿಂದ ಮಸಿ ಕಡಿಮೆ. ಜರ್ಮನಿಯ ಏರೋಸ್ಪೇಸ್ ಕೇಂದ್ರ ಮತ್ತು ಅದರ ಜೊತೆಗಾರರು ಎ350 ವಿಮಾನದ ಹಿಂದೆಯೇ ಇನ್ನೊಂದು ವಿಮಾನ ಹಾರಿಸಿ ಅಳೆದರು. ಪೂರ್ತಿ ಹೊಸ ಇಂಧನ ಹಾಕಿದಾಗ ಮಂಜಿನ ಹರಳುಗಳು ಶೇ 56ರಷ್ಟು ಕಡಿಮೆ ಇದ್ದವು. ರಬ್ಬರ್ ಬಳೆಗೆ ತೊಂದರೆ ಕೊಟ್ಟ ಗುಣವೇ ಆಕಾಶಕ್ಕೆ ಉಪಕಾರ ಮಾಡಿದೆ, ನೋಡಿ.

ಸದ್ಯಕ್ಕೆ ನಾವು ಎಲ್ಲಿದ್ದೇವೆ? 2024ರಲ್ಲಿ ಜಗತ್ತಿನಲ್ಲಿ ತಯಾರಾದ ಹಸಿರು ವಿಮಾನ ಇಂಧನ ಎಲ್ಲ ಸೇರಿ ಸುಮಾರು 10 ಲಕ್ಷ ಟನ್, ಒಟ್ಟು ಬಳಕೆಯ ಶೇ 0.3. ಅದರಲ್ಲಿ ಹೆಚ್ಚಿನದು ಎಣ್ಣೆ, ಕೊಬ್ಬಿನದೇ. ಬೆಲೆ ಮಾಮೂಲಿ ಇಂಧನದ ಎರಡರಿಂದ ಐದು ಪಟ್ಟು. ಅದಕ್ಕೇ ಯಾರೂ ತಾವಾಗಿ ಕೊಳ್ಳುವುದಿಲ್ಲ, ಕಾನೂನು ಬೇಕಾಗುತ್ತದೆ. ಯುರೋಪಿಯನ್ ಒಕ್ಕೂಟದಲ್ಲಿ 2025ರಿಂದ ಶೇ 2 ಕಡ್ಡಾಯ, 2030ಕ್ಕೆ ಶೇ 6, 2050ಕ್ಕೆ ಶೇ 70. ಆ 70ರಲ್ಲಿ ಅರ್ಧ ಕರೆಂಟಿನ ಸೀಮೆಎಣ್ಣೆಯೇ ಆಗಿರಬೇಕು. ಬ್ರಿಟನ್ 2030ಕ್ಕೆ ಶೇ 10 ಅಂದಿದೆ. ಮೊದಲ ಹೆಜ್ಜೆಗಳು ಸಣ್ಣವು, ಆದರೆ ಕಾರ್ಖಾನೆ ಕಟ್ಟುವವರಿಗೆ ಕೊಳ್ಳುವವರಿದ್ದಾರೆ ಅನ್ನುವ ಧೈರ್ಯ ಬರುವುದು ಇಂಥ ಕಾನೂನಿನಿಂದಲೇ.

ಇನ್ನು ನಿಮ್ಮ ಟಿಕೆಟ್ಟಿನ ಪ್ರಶ್ನೆ. ನೀವು ಕೊಟ್ಟ ಹಣದ ಇಂಧನ ನಿಮ್ಮ ವಿಮಾನಕ್ಕೇ ಬರುವುದಿಲ್ಲ. ಎಲ್ಲೋ ಒಂದು ನಿಲ್ದಾಣದ ಟ್ಯಾಂಕಿಗೆ ಸುರಿಯುತ್ತಾರೆ, ಲೆಕ್ಕವನ್ನು ನಿಮ್ಮ ಹೆಸರಿಗೆ ಬರೆಯುತ್ತಾರೆ. ಅದರಲ್ಲಿ ತಪ್ಪೇನಿಲ್ಲ, ಗಾಳಿ ಎಲ್ಲರಿಗೂ ಒಂದೇ. ಆದರೆ ಕೊಡುವ ಮೊದಲು ಪುಟವನ್ನು ಸರಿಯಾಗಿ ಓದಿ. ಹಲವು ಕಡೆ ಹಸಿರು ಇಂಧನ ಅಂತ ದೊಡ್ಡದಾಗಿ ಬರೆದು, ಹಣದ ಬಹುಪಾಲು ಗಿಡ ನೆಡುವ ಯೋಜನೆಗೆ ಹೋಗುತ್ತದೆ ಅಂತ ಸಣ್ಣಕ್ಷರದಲ್ಲಿ ಬರೆದಿರುತ್ತದೆ. ಅದು ಬೇರೆ ವಿಷಯ, ಇಂಧನ ಅಲ್ಲ. ಕಾನೂನು ಕಡ್ಡಾಯ ಮಾಡಿದ ಶೇ 2ರ ಖರ್ಚನ್ನೇ ನಿಮ್ಮಿಂದ ತೆಗೆದುಕೊಂಡರೆ ಹೆಚ್ಚುವರಿ ಹನಿ ಒಂದೂ ಹುಟ್ಟುವುದಿಲ್ಲ. ಅದಕ್ಕೂ ಮೀರಿ ಕೊಳ್ಳುತ್ತಾರಾ ಅಂತ ಕೇಳಬೇಕು.

ಟಿಕ್ ಹಾಕುವುದಕ್ಕಿಂತ ಕೆಲವು ಸಲ ಸೀಟು, ದಾರಿ ಆರಿಸುವುದರಲ್ಲೇ ಉಳಿತಾಯ ಜಾಸ್ತಿ. ಬಿಸಿನೆಸ್ ದರ್ಜೆಯ ಸೀಟು ಸಾಮಾನ್ಯ ಸೀಟಿಗಿಂತ ಎಷ್ಟೋ ಪಟ್ಟು ಜಾಗ ತಿನ್ನುತ್ತದೆ, ಇಂಧನದ ಪಾಲೂ ಅಷ್ಟೇ ಏರುತ್ತದೆ. ಸುತ್ತುಬಳಸಿನ ದಾರಿಗಿಂತ ನೇರ ವಿಮಾನ ಒಳ್ಳೆಯದು. ಮಗಳ ಹತ್ತಿರ ಹೋಗುವುದನ್ನು ಬಿಡಿ ಅಂತ ನಾನು ಹೇಳಲಾರೆ. ಹೋದಾಗ ಜಾಸ್ತಿ ದಿನ ಇದ್ದು ಬನ್ನಿ, ಎರಡು ಸಲ ಹೋಗುವ ಕಡೆ ಒಂದೇ ಸಲ ಹೋಗಿ.

ಆಮೇಲೂ ಹಣ ಕೊಡುವ ಮನಸ್ಸಿದ್ದರೆ, ಕಂಪನಿಗೆ ಎರಡು ಸಾಲಿನ ಪತ್ರ ಬರೆಯಿರಿ. ನನ್ನ ಹಣದಿಂದ ಎಷ್ಟು ಲೀಟರ್ ಇಂಧನ ಕೊಳ್ಳುತ್ತೀರಿ? ಅದನ್ನು ಯಾವುದರಿಂದ ಮಾಡಿದ್ದು? ನಿಮ್ಮ ಪಾಲು ಒಂದು ಕಡೆಗೆ 300 ಲೀಟರ್ ಅನ್ನುವುದು ನೆನಪಿರಲಿ. ಅವರು 30 ಲೀಟರ್, ಕರಿದ ಎಣ್ಣೆಯದ್ದು, ಕಡ್ಡಾಯದ ಲೆಕ್ಕಕ್ಕೆ ಸೇರದ್ದು ಅಂದರೆ, ಹತ್ತನೇ ಒಂದು ಭಾಗ ನಿಜಕ್ಕೂ ಬದಲಾಯಿತು. ಕೊಡಿ. ಲೀಟರ್ ಹೇಳದೆ, ಮೂಲ ಹೇಳದೆ ಬರೀ ಎಲೆಯ ಚಿತ್ರ ಹಾಕಿದ್ದರೆ ಟಿಕ್ ಹಾಕದೆ ಮುಂದಕ್ಕೆ ಹೋಗಿ.